ಕೇಳಿ ತಿಳಿಯಿರಿ, ಮುಟ್ಟಿ ನೋಡಿ

ನರ್ಸಿಂಗ್ ಮುಗಿಸಿ ಈ ವರ್ಷ ಡ್ಯೂಟಿಗೆ ಸೇರುತ್ತಿರುವ ತಂಗಿಯರೇ, ತಮ್ಮಂದಿರೇ,

ನೀವು ಕೆಲಸ ಮಾಡಲಿರುವುದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಜನರ ನಡುವೆ. ತೋಟ, ದನಕರು, ಕೊಬ್ಬರಿ ಅಂತ ಬೆಳಗಿನಿಂದ ಬೈಗಿನತನಕ ದುಡಿಯುವ ಇವರು ನೋವಿದ್ದರೂ ಬಾಯಿಬಿಟ್ಟು ಹೇಳುವುದಿಲ್ಲ. ಯೂನಿಫಾರಂ ಕಂಡರೆ ಮರ್ಯಾದೆಗೆ ಎಲ್ಲದಕ್ಕೂ ‘ಹೂಂ’ ಅಂದುಬಿಡುತ್ತಾರೆ. ಅದಕ್ಕೇ ಹೇಳುತ್ತೇನೆ: ರೋಗಿ ತಲೆಯಾಡಿಸಿದ ಮಾತ್ರಕ್ಕೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಕೇಳುವ ಬಗೆ ಕಲಿಯಿರಿ. ಕೇಳಿದ್ದನ್ನು ಕೈಯಿಂದ, ಕಣ್ಣಿಂದ ಖಾತ್ರಿ ಮಾಡಿಕೊಳ್ಳಿ.

ಹೆಸರಿನಿಂದಲೇ ಶುರುಮಾಡಿ. ಎಡೆಯೂರು ಸಿದ್ಧಲಿಂಗೇಶ್ವರರಿಗೆ ನಡೆದುಕೊಳ್ಳುವ ಮನೆಗಳು ತುಂಬಿರುವ ಈ ಕಡೆ, ಒಂದೇ ವಾರ್ಡಿನಲ್ಲಿ ಇಬ್ಬರು ಸಿದ್ದಲಿಂಗಪ್ಪ, ಇಬ್ಬರು ಸಿದ್ದಮ್ಮ ಇದ್ದರೆ ಆಶ್ಚರ್ಯವಿಲ್ಲ. ಇಂಜೆಕ್ಷನ್ ಟ್ರೇ ಹಿಡಿದುಕೊಂಡು ‘ಸಿದ್ದಮ್ಮ ನೀವೇ ಅಲ್ವಾ?’ ಅಂದರೆ, ಕಿವಿ ಮಂದವಾದ ಅಜ್ಜಿ ಯಾರ ಹೆಸರಿಗಾದರೂ ‘ಹೂಂ ಕಣವ್ವ’ ಅಂತಾರೆ. ‘ಅಜ್ಜಿ, ನಿಮ್ಮ ಹೆಸರೇನು? ಯಾವೂರು?’ ಅಂತ ಅವರ ಬಾಯಲ್ಲೇ ಹೇಳಿಸಿ. ಗಂಡನ ಹೆಸರು ಹೇಳಲು ಹಿಂಜರಿಯುವವರು ಇನ್ನೂ ಇದ್ದಾರೆ, ಅವರಿಗೆ ಮಗನ ಹೆಸರು ಕೇಳಿ. ಆಮೇಲೆ ಕೇಸ್ ಶೀಟಿನ ನಂಬರಿಗೆ ತಾಳೆ ನೋಡಿ. ಸರಿಯಾದ ರೋಗಿ, ಸರಿಯಾದ ಔಷಧಿ, ಪ್ರಮಾಣ, ಕೊಡುವ ಮಾರ್ಗ, ಹೊತ್ತು ಎಂದು ಐದು ಕಲಿತಿದ್ದೀರಲ್ಲ, ಮೊದಲನೆಯದು ತಪ್ಪಿದರೆ ಉಳಿದ ನಾಲ್ಕೂ ದಂಡ.

ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಸೋಪಿನಿಂದ ಸರಿಯಾಗಿ ತೊಳೆಯಲು 40ರಿಂದ 60 ಸೆಕೆಂಡು ಬೇಕು. ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಸಿದ ಮೇಲೂ ಮಣಿಕಟ್ಟು ಬಿಡದೆ, ಏನೂ ಹೇಳದೆ, ಎದೆ ಏರಿಳಿಯುವುದನ್ನು ಇನ್ನೊಂದು ನಿಮಿಷ ನೋಡಿ. ‘ಉಸಿರು ಎಣಿಸ್ತೀನಿ’ ಅಂದ ಕೂಡಲೇ ಉಸಿರಾಟದ ರೀತಿಯೇ ಬದಲಾಗಿಬಿಡುತ್ತದೆ. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸರಿ. ನೋಡದೆಯೇ ಎಲ್ಲರ ಹೆಸರಿನ ಮುಂದೆ 20 ಅಂತ ಗೀಚುವ ಚಾಳಿ ಮಾತ್ರ ಕಲಿಯಬೇಡಿ. ರೋಗಿಯ ಸ್ಥಿತಿ ಹದಗೆಡುವಾಗ ಮೊದಲು ಸುಳಿವು ಕೊಡುವವುಗಳಲ್ಲಿ ಉಸಿರೂ ಒಂದು.

ತೆಂಗಿನ ಮರದಿಂದ ಬಿದ್ದವರು ನಿಮ್ಮ ವಾರ್ಡಿಗೆ ಬಂದೇ ಬರುತ್ತಾರೆ. ಬೆನ್ನುಹುರಿಗೆ ಏಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿದವನಿಗೆ, ಒತ್ತಡಕ್ಕೆ ಚರ್ಮ ಕೊಳೆಯುತ್ತಿದ್ದರೂ ನೋವು ತಿಳಿಯದು. ‘ಆರಾಮಾ?’ ಅಂದರೆ ‘ಆರಾಮು ಸಿಸ್ಟರ್’ ಅಂತಾನೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ತಲೆ, ಭುಜ, ಸೊಂಟ ಒಂದೇ ಸಾಲಿನಲ್ಲಿರುವಂತೆ, ಬೆನ್ನು ತಿರುಚದಂತೆ ಮೂರ್ನಾಲ್ಕು ಜನ ಸೇರಿ ಹೊರಳಿಸಿ. ಪ್ರತಿ ಸಲವೂ ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿ ನೋಡಿ. ಕೆಂಪಾದ ಕಡೆ ಬೆರಳಿಂದ ಒತ್ತಿ ಬಿಡಿ. ಒತ್ತಿದರೂ ಬಿಳಿಚಿಕೊಳ್ಳದೆ ಕೆಂಪು ಹಾಗೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗಿದೆ ಅಂತಲೇ. ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಎದ್ದು ಕಾಣದು. ಅಲ್ಲಿ ಸುತ್ತಲಿನ ಚರ್ಮಕ್ಕಿಂತ ಬಿಸಿಯಿದೆಯೇ, ಗಟ್ಟಿಯಿದೆಯೇ ಎಂದು ಮುಟ್ಟಿಯೇ ತಿಳಿಯಬೇಕು. ಮನೆಯವರು ಅಕ್ಕರೆಯಿಂದ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಲು ಬರುತ್ತಾರೆ. ಆ ಜಾಗವನ್ನು ತಿಕ್ಕಿದರೆ ಗಾಯ ಹೆಚ್ಚುತ್ತದೆ ಎಂದು ಸಮಾಧಾನವಾಗಿ ಹೇಳಿ.

ಒಂದು ದಿನ ಅವನು ಕೇಳುತ್ತಾನೆ: ‘ಸಿಸ್ಟರ್, ಮತ್ತೆ ಮರ ಹತ್ತಕ್ಕಾಗುತ್ತಾ?’ ‘ಎಲ್ಲಾ ಸರಿಹೋಗುತ್ತೆ ಬಿಡಪ್ಪ’ ಅಂದು ಜಾರಿಕೊಳ್ಳಬೇಡಿ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಶುಶ್ರೂಷೆಯ ಬಗ್ಗೆ ಬರೆದ ಪುಸ್ತಕದಲ್ಲಿ, ರೋಗಿಗೆ ಪೊಳ್ಳು ಭರವಸೆ ಕೊಡುವುದನ್ನು ಖಂಡಿಸಲಿಕ್ಕೇ ಒಂದು ಅಧ್ಯಾಯ ಇಟ್ಟಿದ್ದಾರೆ. ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತು, ‘ಅದನ್ನ ನಾನು ಹೇಳಕ್ಕಾಗಲ್ಲಪ್ಪ. ಡಾಕ್ಟರು ಬಂದಾಗ ಕೇಳೋಣ, ನಾನೂ ಇರ್ತೀನಿ. ಈಗ ನಿಂಗೆ ಯಾವುದರದ್ದು ಚಿಂತೆ?’ ಅನ್ನಿ. ಆಗ ಸಾಲದ ಮಾತು, ಮಕ್ಕಳ ಫೀಜಿನ ಮಾತು ಹೊರಗೆ ಬರುತ್ತದೆ. ಮರ ಹತ್ತುವವರಿಗೆಂದೇ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆ ಇದೆ. ಮಾಡಿಸಿದ್ದಾನೆಯೇ ಎಂದು ಮನೆಯವರನ್ನು ವಿಚಾರಿಸಿ, ಕಾಗದಪತ್ರ ಜೋಪಾನ ಮಾಡಲು ಹೇಳಿ.

ಇನ್ನು ಎಳನೀರಿನ ವಿಷಯ. ನಮ್ಮ ಸೀಮೆಯಲ್ಲಿ ರೋಗಿಯನ್ನು ನೋಡಲು ಬರುವ ನೆಂಟರು ತೋಟದಿಂದ ಎಳನೀರು ಹೊತ್ತು ತರುತ್ತಾರೆ. ಹೆಚ್ಚಿನವರಿಗೆ ಒಳ್ಳೆಯದೇ. ಆದರೆ ಕಿಡ್ನಿ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಅದರಲ್ಲಿ ಹೇರಳವಾಗಿರುವ ಪೊಟ್ಯಾಸಿಯಂ ಅಪಾಯ. ಅದನ್ನು ಹೊರಹಾಕುವ ಶಕ್ತಿ ಆ ಕಿಡ್ನಿಗೆ ಇರುವುದಿಲ್ಲ. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತ ತಪ್ಪಿ, ನಿಂತೇ ಹೋಗಬಹುದು. ‘ಕೊಡಬೇಡಿ ಅಂದಿಲ್ವಾ?’ ಅಂತ ಗದರಿದರೆ ನೀವು ಅತ್ತ ಹೋದ ಮೇಲೆ ಕುಡಿಸುತ್ತಾರೆ, ಪ್ರೀತಿಯಿಂದ ತಂದದ್ದಲ್ಲವೇ? ಕಾರಣ ಬಿಡಿಸಿ ಹೇಳಿ. ಕೊನೆಗೆ ‘ಅರ್ಥ ಆಯ್ತಾ?’ ಅನ್ನುವ ಬದಲು ಸೊಸೆಯನ್ನು ಹೀಗೆ ಕೇಳಿ: ‘ಊರಿಗೆ ಹೋದಾಗ ಯಾರಾದ್ರೂ ಎಳನೀರು ತಂದ್ರೆ ಏನಂತ ಹೇಳ್ತೀಯವ್ವ?’ ಅವಳು ತನ್ನ ಮಾತಲ್ಲಿ ಸರಿಯಾಗಿ ಹೇಳಿದಳೋ, ನಿಮ್ಮ ಮಾತು ಮನೆ ತಲುಪಿತು.

ಡಿಸ್ಚಾರ್ಜ್ ದಿನವೂ ಹೀಗೇ. ‘ವಾರ ಬಿಟ್ಟು ಬನ್ನಿ’ ಅಂದರೆ ಸಾಲದು. ಕೊಬ್ಬರಿ ಹರಾಜಿನ ದಿನ ಮಾರುಕಟ್ಟೆ ಬಿಟ್ಟು ಆಸ್ಪತ್ರೆಗೆ ಬರುವ ರೈತರು ಕಡಿಮೆ. ಅವರಿಗೆ ಯಾವ ವಾರ ಬಿಡುವು, ಊರಿಗೆ ವಾಪಸು ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿ ದಿನ ಗೊತ್ತುಮಾಡಿ. ಮಾತ್ರೆಯ ಚೀಟಿಯನ್ನು ಅವರಿಂದಲೇ ಒಮ್ಮೆ ಓದಿಸಿ. ಓದಲು ಬಾರದಿದ್ದರೆ ಬೆಳಗಿನದು, ರಾತ್ರಿಯದು ಬೇರೆ ಬೇರೆ ಕವರಿಗೆ ಹಾಕಿ, ಸೂರ್ಯ, ಚಂದ್ರ ಬರೆದುಕೊಡಿ.

ಪಾಳಿ ಮುಗಿದಾಗ ಟೇಬಲಿನ ಹತ್ತಿರ ನಿಂತು ಚಾರ್ಜ್ ಒಪ್ಪಿಸದೆ, ಆದಷ್ಟು ಮಂಚದ ಪಕ್ಕದಲ್ಲೇ ಒಪ್ಪಿಸಿ. ನೀವು ಹೇಳುವುದು ರೋಗಿಗೂ ಕೇಳಿಸಲಿ. ಗುಟ್ಟಿನ ವಿಷಯವಿದ್ದರೆ ಅದನ್ನಷ್ಟೇ ಆಚೆ ಹೋಗಿ ಹೇಳಿ. ‘ಹಂಗಲ್ಲ ಸಿಸ್ಟರ್, ಆ ಮಾತ್ರೆ ನಂಗೆ ಕೊಟ್ಟೇ ಇಲ್ಲ’ ಅಂತ ರೋಗಿ ತಿದ್ದಿದರೆ ಮುಖ ಗಂಟಿಕ್ಕಬೇಡಿ. ಪುಣ್ಯ ಬರಲಿ ನಿಮಗೆ ಅನ್ನಿ, ಶೀಟ್ ತೆಗೆದು ನೋಡಿ, ಡಾಕ್ಟರಿಗೆ ತಿಳಿಸಿ. ತಪ್ಪನ್ನು ರೋಗಿಯೇ ಧೈರ್ಯವಾಗಿ ಎತ್ತಿ ತೋರಿಸುವ ವಾರ್ಡು ಎಲ್ಲಕ್ಕಿಂತ ಸುರಕ್ಷಿತವಾದ ವಾರ್ಡು. ಅಂಥ ವಾರ್ಡು ಕಟ್ಟಿ.