ಸಣ್ಣ ಕಾರಿನ ಕ್ರ್ಯಾಶ್ ಟೆಸ್ಟ್ ವರದಿ ಓದುವುದು ಹೇಗೆ?

2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳ ಅಪಘಾತ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಮಾರುತಿ ಆಲ್ಟೊ 800, ಟಾಟಾ ನ್ಯಾನೊ, ಹ್ಯುಂಡೈ ಐ10, ಫೋರ್ಡ್ ಫಿಗೊ, ಫೋಕ್ಸ್‌ವ್ಯಾಗನ್ ಪೋಲೊ: ಏರ್‌ಬ್ಯಾಗ್ ಇಲ್ಲದ ಈ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ಸ್ಟಾರ್. ಆದರೆ ಪೋಲೊ, ಫಿಗೊಗಳ ಚೌಕಟ್ಟು ಕುಸಿಯದೆ ನಿಂತಿತ್ತು, ಉಳಿದ ಮೂರರದು ಮುದುಡಿತ್ತು. ಎರಡು ಏರ್‌ಬ್ಯಾಗ್ ಇದ್ದ ಪೋಲೊ ನಾಲ್ಕು ಸ್ಟಾರ್ ಗಳಿಸಿತು. ಎರಡು ವರ್ಷದ ಬಳಿಕ ರೆನೊ ಕ್ವಿಡ್ ಸರದಿ ಬಂದಾಗ, ಚಾಲಕನಿಗೆ ಏರ್‌ಬ್ಯಾಗ್ ಇದ್ದ ಆವೃತ್ತಿಗೂ ಮೊದಲ ಸುತ್ತಿನಲ್ಲಿ ಸೊನ್ನೆಯೇ ಸಿಕ್ಕಿತು. ಹಾಗಾಗಿ ಷೋರೂಮಿನಲ್ಲಿ ‘ಆರು ಏರ್‌ಬ್ಯಾಗ್ ಇದೆ ಸರ್’ ಎಂದೊಡನೆ ಸಮಾಧಾನಪಡಬೇಡಿ. ಬುಕಿಂಗ್ ಹಣ ಕಟ್ಟುವ ಮೊದಲು ವರದಿಯನ್ನು ನೀವೇ ಓದಿ.

ಮೊದಲು ವರದಿ ಹುಡುಕಿ

ನಮ್ಮದೇ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ ಜಾಲತಾಣದಲ್ಲಿ ಮಾದರಿವಾರು ಫಲಿತಾಂಶ ಸಿಗುತ್ತದೆ. ಪರೀಕ್ಷೆಗೆ ಒಡ್ಡಿಕೊಳ್ಳುವುದು ಕಂಪನಿಯ ಇಚ್ಛೆಗೆ ಬಿಟ್ಟದ್ದು, ಆದ್ದರಿಂದ ಎಲ್ಲ ಕಾರುಗಳೂ ಅಲ್ಲಿಲ್ಲ. ‘ಸರ್ಕಾರದ ಅಪ್ರೂವಲ್ ಇದೆಯಲ್ಲ’ ಎಂದು ಮಾರಾಟಗಾರ ಹೇಳಬಹುದು. ಆದರೆ ಕಾನೂನು ಕೇಳುವ ಮುಂಭಾಗದ ಡಿಕ್ಕಿ ಪರೀಕ್ಷೆಯ ವೇಗ ಗಂಟೆಗೆ 56 ಕಿ.ಮೀ., ಎನ್‌ಕ್ಯಾಪ್‌ನದು 64. ಅಂತರ ಎಂಟೇ ಆದರೂ ಡಿಕ್ಕಿಯ ಶಕ್ತಿ ಸುಮಾರು ಶೇ 30ರಷ್ಟು ಏರುತ್ತದೆ. ಐದನೇ ಮಹಡಿಯಿಂದ ಬಿದ್ದರೆ ನೆಲ ತಾಕುವ ವೇಗ ಹೆಚ್ಚುಕಡಿಮೆ ಈ 64 ಕಿ.ಮೀ.ಯಷ್ಟೇ ಇರುತ್ತದೆ.

ಪರೀಕ್ಷೆಯ ವರ್ಷ, ಏರ್‌ಬ್ಯಾಗ್ ಸಂಖ್ಯೆ ನೋಡಿ

ಬಹಳ ಜನ ಮೋಸಹೋಗುವುದು ಇಲ್ಲೇ. ಗ್ಲೋಬಲ್ ಎನ್‌ಕ್ಯಾಪ್ 2022ರ ಜುಲೈಯಲ್ಲಿ ನಿಯಮ ಬಿಗಿಗೊಳಿಸಿತು. ಟಾಟಾ ಟಿಯಾಗೊ 2020ರಲ್ಲಿ ಪಡೆದ ನಾಲ್ಕು ಸ್ಟಾರ್ ಹಳೆಯ ನಿಯಮದ್ದು, 17ಕ್ಕೆ 12.52 ಅಂಕ. ಆಲ್ಟೊ ಕೆ10 2023ರಲ್ಲಿ ಪಡೆದ ಎರಡು ಸ್ಟಾರ್ ಹೊಸ ನಿಯಮದ್ದು, 34ಕ್ಕೆ 21.67. ಇವೆರಡನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದೇ ತಪ್ಪು. ಅಂದು ಪರೀಕ್ಷೆಯಾದ ಕೆ10ನಲ್ಲಿದ್ದುದು ಎರಡು ಏರ್‌ಬ್ಯಾಗ್. 2025ರಲ್ಲಿ ಅದರ ಎಲ್ಲ ಆವೃತ್ತಿಗಳಿಗೂ ಆರು ಬಂದಿವೆ. ನೀವು ಕೊಳ್ಳುವ ಆವೃತ್ತಿ ಮತ್ತು ಪರೀಕ್ಷೆಯಾದ ಆವೃತ್ತಿ ಒಂದೇ ಹೌದೇ ಎಂದು ಖಚಿತಪಡಿಸಿಕೊಳ್ಳಿ.

ಚೌಕಟ್ಟಿನ ಸಾಲು

ಗ್ಲೋಬಲ್ ಎನ್‌ಕ್ಯಾಪ್ ವರದಿಯಲ್ಲಿ ಬಾಡಿ ಷೆಲ್ ‘ಸ್ಟೇಬಲ್’ ಅಥವಾ ‘ಅನ್‌ಸ್ಟೇಬಲ್’ ಎಂಬ ಷರಾ ಇರುತ್ತದೆ. ನಾನಂತೂ ಸ್ಟಾರ್‌ಗಿಂತ ಮೊದಲು ಇದನ್ನೇ ಹುಡುಕುತ್ತೇನೆ. ನಾಲ್ಕು ಸ್ಟಾರ್‌ನ ಆ ಟಿಯಾಗೊ ಚೌಕಟ್ಟು ‘ಅನ್‌ಸ್ಟೇಬಲ್’, ಎರಡು ಸ್ಟಾರ್‌ನ ಕೆ10 ಚೌಕಟ್ಟು ‘ಸ್ಟೇಬಲ್’ ಎಂದು ದಾಖಲಾಗಿವೆ. ಏರ್‌ಬ್ಯಾಗನ್ನು ಮುಂದಿನ ವರ್ಷ ಕಂಪನಿ ಸೇರಿಸೀತು, ಚೌಕಟ್ಟನ್ನು ಬದಲಿಸುವುದು ಸುಲಭವಲ್ಲ. ಜೊತೆಗೆ ಪರೀಕ್ಷೆಯ ಕಾರಿನಲ್ಲಿ ಕೂರಿಸಿದ ಬೊಂಬೆಯ ಚಿತ್ರ ನೋಡಿ. ಹಸಿರು ಒಳ್ಳೆಯದು, ಕೆಂಪು ಅಪಾಯ. ತಲೆ, ಕುತ್ತಿಗೆ, ಎದೆಯ ಬಣ್ಣಕ್ಕೆ ಮೊದಲ ಗಮನವಿರಲಿ.

ಮಕ್ಕಳ ಅಂಕ ಬೇರೆ

ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಇರುವುದು ಹೆಚ್ಚಾಗಿ ದೊಡ್ಡವರ ಸ್ಟಾರ್. ಎರಡು ಸ್ಟಾರ್ ಪಡೆದ ಅದೇ ಕೆ10ಗೆ ಮಕ್ಕಳ ರಕ್ಷಣೆಯಲ್ಲಿ ಸಿಕ್ಕಿದ್ದು 49ಕ್ಕೆ 3.52 ಅಂಕ, ಅಂದರೆ ಸೊನ್ನೆ ಸ್ಟಾರ್. ಭಾರತ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರ್‌ಗೆ ದೊಡ್ಡವರ ವಿಭಾಗದಲ್ಲಿ 32ಕ್ಕೆ 27, ಮಕ್ಕಳ ವಿಭಾಗದಲ್ಲಿ 49ಕ್ಕೆ 41 ಬೇಕು. ಷೋರೂಮಿನಲ್ಲಿ ಹಿಂದಿನ ಸೀಟಿನ ಒರಗು ಮತ್ತು ತಳದ ಸಂದಿಗೆ ಕೈ ಹಾಕಿ, ಮಗುವಿನ ಸೀಟು ಬಿಗಿಯುವ ಐಸೋಫಿಕ್ಸ್ ಕೊಂಡಿಗಳನ್ನು ಮುಟ್ಟಿ ನೋಡಿ. ನಡುವಿನ ಸೀಟಿಗೂ ಭುಜದ ಮೇಲೆ ಹಾಯುವ ಮೂರು ಬಿಂದುವಿನ ಬೆಲ್ಟ್ ಇದೆಯೇ, ಮುಂದಿನ ಪ್ರಯಾಣಿಕರ ಏರ್‌ಬ್ಯಾಗ್ ನಿಲ್ಲಿಸುವ ಸ್ವಿಚ್ ಇದೆಯೇ ಎಂದು ಕೇಳಿ.

ಇನ್ನೊಂದು ಮಾತು. ಮುಂಭಾಗದ ಪರೀಕ್ಷೆ ಅನುಕರಿಸುವುದು ಅದೇ ತೂಕದ ಇನ್ನೊಂದು ಕಾರಿನೊಂದಿಗಿನ ಡಿಕ್ಕಿಯನ್ನು. ಐದು ಸ್ಟಾರ್‌ನ ಸಣ್ಣ ಕಾರು ಐದು ಸ್ಟಾರ್‌ನ ಭಾರೀ ಎಸ್‌ಯುವಿಗೆ ಸಮ ಎಂದು ಭಾವಿಸಬೇಡಿ. ಹೋಲಿಕೆ ಹೆಚ್ಚುಕಡಿಮೆ ಒಂದೇ ತೂಕದ ಕಾರುಗಳ ನಡುವೆಯೇ ಇರಲಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು ನೋಡಿ. ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಿಂದ. ಪಕ್ಕದವರ ಏರ್‌ಬ್ಯಾಗ್ ಎಲ್ಲ ಮಾದರಿಗಳಿಗೂ ಕಡ್ಡಾಯವಾದದ್ದು 2021ರ ಕೊನೆಗೆ. 2019ರ ಜುಲೈಗೂ ಹಿಂದಿನ ಅಗ್ಗದ ಆವೃತ್ತಿಗಳಲ್ಲಿ ಎರಡೂ ಇಲ್ಲದಿರಬಹುದು. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಕೆಲವು ಕ್ಷಣ ಹೊತ್ತಿ ಆರಬೇಕು. ಆರದಿದ್ದರೆ ದೋಷವಿದೆ. ಹೊತ್ತದೇ ಇದ್ದರೆ ಬಲ್ಬನ್ನೇ ಕಿತ್ತು ಮುಚ್ಚಿಟ್ಟಿರಬಹುದು, ಮೆಕ್ಯಾನಿಕ್‌ಗೆ ತೋರಿಸದೆ ಮುಂಗಡ ಕೊಡಬೇಡಿ.

ಮನೆಗೆ ತಂದ ಮೇಲೆ

ಪರೀಕ್ಷೆಯಲ್ಲಿ ಬೊಂಬೆಗಳಿಗೆ ಬೆಲ್ಟ್ ಹಾಕಿಯೇ ಗುದ್ದಿಸುತ್ತಾರೆ. ಬೆಲ್ಟ್ ಹಾಕದವರಿಗೆ ಆ ಅಂಕ ಅನ್ವಯಿಸುವುದಿಲ್ಲ, ಹಿಂದೆ ಕೂತವರಿಗೂ ಅಷ್ಟೇ. 2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವರು ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತಿದ್ದರು. ಬೆಲ್ಟ್ ಹಾಕದಿದ್ದಾಗ ಬರುವ ಬೀಪ್ ಸದ್ದು ನಿಲ್ಲಿಸುವ ಖೋಟಾ ಕ್ಲಿಪ್‌ಗಳನ್ನು 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರುಕಟ್ಟೆಗಳಿಂದ ತೆಗೆಸಿತು. ಎಲ್ಲಾದರೂ ಸಿಕ್ಕರೂ ಕೊಳ್ಳಬೇಡಿ. ಆರು ಏರ್‌ಬ್ಯಾಗ್‌ನ ಕಾರಿಗೆ ಸೀಟ್ ಕವರ್ ಹಾಕಿಸುವಾಗ ಪಕ್ಕದ ಏರ್‌ಬ್ಯಾಗ್ ಹೊರಬರುವ ಹೊಲಿಗೆಯ ಜಾಗ ಮುಚ್ಚದಂತೆ ನೋಡಿಕೊಳ್ಳಿ. ಮುಂಭಾಗಕ್ಕೆ ಬುಲ್ ಬಾರ್ ಬೇಡ, ಅದು ಡಿಕ್ಕಿಯ ಬಲ ಹರಡುವ ರೀತಿಯನ್ನೇ ಕೆಡಿಸಿ ಏರ್‌ಬ್ಯಾಗ್ ಸಕಾಲಕ್ಕೆ ಬಿಚ್ಚದಂತೆ ಮಾಡಬಲ್ಲದು. ಹಿಮ್ಮುಖವಾಗಿ ಕೂರಿಸುವ ಮಗುವಿನ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನ ಮೇಲೆ ಎಂದೂ ಇಡಬೇಡಿ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದೆ ಕೂರುವುದನ್ನು ಅಜ್ಜಿ ತಾತ ಒತ್ತಾಯಿಸಿದರೂ ಒಪ್ಪಬೇಡಿ.