ಧಾಟಿ ನನ್ನದು, ಮಾಸ್ಟರ್ ಅವರದು

ಸುಗಮ ಸಂಗೀತದವನು ಅಂತ ಒಮ್ಮೆ ಹೆಸರು ಬಿದ್ದರೆ ತಬಲಾ, ಕೊಳಲು, ಕೀಬೋರ್ಡು, ರಿದಂ ಪ್ಯಾಡು ಬೆನ್ನು ಬಿಡುವುದಿಲ್ಲ. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಾಗ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ್ದೇ ಒಂದು ಪ್ರಯೋಗ. ನಮ್ಮ ತಲೆಮಾರು ಬರುವ ಹೊತ್ತಿಗೆ ಆ ಪ್ರಯೋಗಕ್ಕೆ ಸಂಪ್ರದಾಯದ ಗತ್ತು ಬಂದಿತ್ತು. ಶರೀಫರ ಪದ ಎಂದರೆ ಸಿ. ಅಶ್ವತ್ಥ್ ಅವರ ಧಾಟಿ. ಅದರಾಚೆಗೆ ಯೋಚಿಸುವುದು ಅಧಿಕಪ್ರಸಂಗ.

ಆ ಅಧಿಕಪ್ರಸಂಗವನ್ನು ನಾನು ಮಾಡಿದೆ. ಬೆಂಗಳೂರಿನ ಆಡಿಯೊ ಕಂಪನಿಯೊಂದಕ್ಕೆ ಶರೀಫರ ತತ್ವಪದಗಳ ಆಲ್ಬಂ ಮಾಡಿಕೊಡಲು ಸಹಿ ಹಾಕಿದ್ದೆ. ಭಜನಾ ಮೇಳಗಳಲ್ಲಿ ಏಕತಾರಿ, ದಮ್ಮಡಿ, ತಾಳ ಇದ್ದರೆ ಪದಕ್ಕೆ ಸಾಕು. ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಂದಿನಿಂದ ಹಿಡಿಯುತ್ತಾರೆ. ನಾವು ಆ ಏಕತಾರಿಯ ಬುರುಡೆಗೊಂದು ಪುಟ್ಟ ಪಿಕಪ್ ಅಂಟಿಸಿ, ನಾದವನ್ನು ಗಿಟಾರ್ ಆಂಪ್ಲಿಫೈಯರಿಗೆ ಹಾಯಿಸಿದೆವು. ಒಂದೇ ತಂತಿ, ಸ್ಟುಡಿಯೊದ ಗಾಜು ಅದುರಿತು. ಅದರ ಮೇಲೆ ತೀರ ನಿಧಾನವಾಗಿ ಬೇಸ್ ಗಿಟಾರ್. ಡ್ರಮ್ಸ್ ಇಲ್ಲ, ದಮ್ಮಡಿಯೇ ಎಲ್ಲ. ಪಲ್ಲವಿ ಮುಗಿದ ಕೂಡಲೇ ಬಿಜಿಎಂ ತುಂಬುವ ಚಟವನ್ನೂ ಬಿಟ್ಟು, ಆ ಜಾಗದಲ್ಲಿ ಬರೀ ಶ್ರುತಿ ಉಳಿಸಿಕೊಂಡೆವು. ಇದನ್ನು ರಾಕ್ ಅನ್ನಬೇಕೋ ಭಜನೆ ಅನ್ನಬೇಕೋ, ಕೇಳುವವರಿಗೆ ಬಿಟ್ಟದ್ದು.

ಕಂಪನಿಯವರು ಎರಡು ಹಾಡು ಕೇಳಿದರು. “ಚೆನ್ನಾಗಿದೆ ಸಾರ್. ಆದ್ರೆ ಇದು ನಿಮ್ಮ ಥರ ಇಲ್ವಲ್ಲ. ಕೊಳಲು, ತಬಲಾ ಹಾಕಿ ಇನ್ನೊಂದ್ಸಲ ಮಾಡಿಕೊಟ್ಬಿಡಿ” ಎಂದರು. ನಾನು ಒಪ್ಪಲಿಲ್ಲ, ಅವರು ಬಿಡುಗಡೆ ಮಾಡಲಿಲ್ಲ. ಬೇರೆಯವರಿಗಾದರೂ ಕೊಡುತ್ತೇನೆ ಎಂದದ್ದಕ್ಕೆ, ಮಾಸ್ಟರ್, ಅಂದರೆ ಮೂಲ ಧ್ವನಿಮುದ್ರಣ, ನಮ್ಮದು ಎಂದರು.

‘ನಿಮ್ಮ ಥರ ಇಲ್ಲ’ ಎನ್ನುವ ಈ ತಕರಾರು ಅಮೆರಿಕದಲ್ಲಿ ಕೋರ್ಟಿನ ಮೆಟ್ಟಿಲನ್ನೇ ಹತ್ತಿತ್ತು. ರಾಕ್ ಗಾಯಕ ನೀಲ್ ಯಂಗ್ ಅವರು ಗೆಫೆನ್ ರೆಕಾರ್ಡ್ ಕಂಪನಿಗೆ ಮೊದಲು ಕೊಟ್ಟ ಆಲ್ಬಂ ‘ಟ್ರಾನ್ಸ್’. ಅದರ ಬಹುಪಾಲು ಹಾಡುಗಳಲ್ಲಿ ಅವರ ದನಿ ವೋಕೋಡರ್ ಯಂತ್ರದೊಳಗೆ ಹಾದು ಬರುತ್ತದೆ. ಸೆರೆಬ್ರಲ್ ಪಾಲ್ಸಿಯಿಂದಾಗಿ ಮಾತು ಬಾರದ ಮಗನೊಂದಿಗೆ ಮಾತಾಡುವ ದಾರಿ ಹುಡುಕುತ್ತಿದ್ದ ಅಪ್ಪನ ಸಂಗೀತ ಅದು. ಅಭಿಮಾನಿಗಳು ಕಂಗಾಲಾದರು. ರಾಕ್ ಅಂಡ್ ರೋಲ್ ಕೊಡಿ ಎಂದು ಕಂಪನಿ ಪಟ್ಟುಹಿಡಿದಾಗ, ಯಂಗ್ 1950ರ ದಶಕದ ಶೈಲಿಯ, ಅರ್ಧ ಗಂಟೆಯೂ ಇಲ್ಲದ ರಾಕಬಿಲಿ ಆಲ್ಬಂ ಕೊಟ್ಟರು. (ಆ ತುಂಟತನಕ್ಕೆ ನನ್ನದೊಂದು ನಮಸ್ಕಾರ.) 1983ರಲ್ಲಿ ಕಂಪನಿ 33 ಲಕ್ಷ ಡಾಲರಿನ ದಾವೆ ಹೂಡಿತು: ಈ ಸಂಗೀತ ನೀಲ್ ಯಂಗ್ ಸಂಗೀತದಂತಿಲ್ಲ ಎಂಬುದೇ ದೂರು! ಯಂಗ್ ಪ್ರತಿದಾವೆ ಹಾಕಿದರು. ಕಲೆಯ ವಿಚಾರದಲ್ಲಿ ತಲೆಹಾಕುವುದಿಲ್ಲ ಎಂದು ತಮಗೆ ಮಾತು ಕೊಟ್ಟಿದ್ದರೆಂಬುದು ಅವರ ವಾದ. ಕೊನೆಗೆ ರಾಜಿಯಾಯಿತು, ಡೇವಿಡ್ ಗೆಫೆನ್ ಕ್ಷಮೆ ಕೇಳಿದರು.

ನನ್ನ ಕರಾರಿನಲ್ಲಿ ಅಂಥ ಮಾತಿರಲಿಲ್ಲ. ವಕೀಲ ಮಿತ್ರರೊಬ್ಬರು ಅದನ್ನು ಓದಿ, ಸಂಗೀತದ ವಿಷಯ ಒಂದಕ್ಷರ ಕೇಳದೆ, ಹಕ್ಕನ್ನು ಬಿಡಿಸಿಟ್ಟರು. ಸಾಹಿತ್ಯಕ್ಕೆ ಯಾರ ಹಂಗೂ ಇಲ್ಲ, ಶರೀಫರು ತೀರಿಕೊಂಡದ್ದು 1889ರಲ್ಲಿ. ಧ್ವನಿಮುದ್ರಣಕ್ಕೆ ದುಡ್ಡು ಹಾಕಿ ಮಾಡಿಸಿದವರು ಕಂಪನಿಯವರು, ಅದು ಅವರದೇ. ಧಾಟಿ ನನ್ನದು, ಅದನ್ನು ಕರಾರಿನಲ್ಲಿ ಅವರಿಗೆ ಬರೆದುಕೊಟ್ಟಿದ್ದೆ. ಆದರೆ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಬರೆಸಿಕೊಂಡವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ ಅದು ಬಿದ್ದುಹೋಗುತ್ತದೆ, ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಮಾತ್ರ ಇಲ್ಲ. ನಮ್ಮದರಲ್ಲಿ ಬರೆದಿರಲಿಲ್ಲ. ವರ್ಷ ಕಳೆದ ಮೇಲೆ ನೋಟಿಸ್ ಕಳಿಸಿದೆವು. ಧಾಟಿ ಇಟ್ಟುಕೊಳ್ಳಿ, ರೆಕಾರ್ಡಿಂಗ್ ಮುಟ್ಟಬೇಡಿ ಎಂದು ಉತ್ತರ ಬಂತು.

ಕೈಯಿಂದ ಖರ್ಚು ಮಾಡಿ ಎಲ್ಲವನ್ನೂ ಮತ್ತೆ ಹಾಡಿದೆ. ಎರಡನೆಯದು ಮೊದಲಿನದಕ್ಕಿಂತ ಚೆನ್ನಾಗಿದೆ ಎಂದು ಸುಳ್ಳು ಹೇಳಲಾರೆ. ಮೊದಲ ಸಲದ ಆ ಹುಂಬತನ ಮತ್ತೆ ಸಿಗಲಿಲ್ಲ. ಕಂಪನಿಯವರ ಮೇಲೆ ನನಗೆ ಸಿಟ್ಟೂ ಇಲ್ಲ. ನನ್ನ ಹೆಸರು ನೋಡಿ ಕೊಳ್ಳುವವರಿಗೆ ಕೊಳಲೇ ಬೇಕು ಎಂಬ ಅವರ ಲೆಕ್ಕ ಬಹುಶಃ ಸರಿಯೇ. ದುಡ್ಡು ಹಾಕಿದವರು ಲೆಕ್ಕ ಹಾಕುತ್ತಾರೆ, ಬಿಡಿ.

ಹೊಸದಾಗಿ ಹಾಡುತ್ತಿರುವವರು ಸಹಿಗೆ ಮುನ್ನ ಇಷ್ಟು ಕೇಳಿಕೊಳ್ಳಿ. ಹಾಡು ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು? ಇಂತಿಷ್ಟು ದಿನದಲ್ಲಿ ಬಿಡುಗಡೆಯಾಗದಿದ್ದರೆ ಮಾಸ್ಟರ್ ಯಾರ ಪಾಲು? ಹಕ್ಕು ಎಷ್ಟು ವರ್ಷಕ್ಕೆ? ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದೇ ಹಿಡಿಯುತ್ತದೆ. ಸಾಹಿತ್ಯ, ರಾಗ ಸಂಯೋಜನೆ ನಿಮ್ಮದಾದರೆ, 2012ರ ತಿದ್ದುಪಡಿಯ ನಂತರ ನಿಮ್ಮ ರಾಯಲ್ಟಿಯ ಸಮಪಾಲನ್ನು ಕಂಪನಿಗೆ ಬರೆದುಕೊಡಲು ನಿಮಗೇ ಅಧಿಕಾರವಿಲ್ಲ. ಕರಾರನ್ನು ಕನ್ನಡದಲ್ಲೇ ಬರೆಸಿಕೊಳ್ಳಿ. ಅದೂ ಅಷ್ಟೇ ಸಿಂಧು.