ಚಿಕ್ಕಬಳ್ಳಾಪುರ ಜಿಲ್ಲೆಯ ಪಿನ್ ಕೋಡ್‌ಗಳಲ್ಲಿ ಅಪವರ್ತನ

1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರಂಕಿಯ ಪಿನ್ ಕೋಡ್ ಅಪವರ್ತನದ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ. ಚಿಕ್ಕಬಳ್ಳಾಪುರದ 562101ರ ಅಂಕಿಗಳ ಮೊತ್ತ 15. ಹಾಗಾಗಿ 3ರಿಂದ ಭಾಗವಾಗುತ್ತದೆ. ಭಾಗಲಬ್ಧ 187367 ಅವಿಭಾಜ್ಯ, ಆದ್ದರಿಂದ ಒಟ್ಟು ಭಾಜಕಗಳು ನಾಲ್ಕೇ. ಗೌರಿಬಿದನೂರಿನ 561208 = 2³×29×41×59; ಇದಕ್ಕೆ 32 ಭಾಜಕಗಳು.

ನಿಜಕ್ಕೂ ಸೊಗಸಾದದ್ದು ಶಿಡ್ಲಘಟ್ಟ (562105), ಚಿಂತಾಮಣಿ (563125) ಜೋಡಿ. ಇವುಗಳ ಮ.ಸಾ.ಅ. ಕೇಳಿದರೆ ಉದ್ದದ ಭಾಗಾಕಾರಕ್ಕೆ ಇಳಿಯಬೇಡಿ, ಮೊದಲು ಕಳೆಯಿರಿ. ವ್ಯತ್ಯಾಸ 1020, ಮ.ಸಾ.ಅ. ಇದನ್ನೂ ಭಾಗಿಸಲೇಬೇಕು. 1020 = 2²×3×5×17. ಎರಡೂ ಬೆಸ ಸಂಖ್ಯೆಗಳು, 2 ಬಿಟ್ಟುಹೋಯಿತು. ಅಂಕಿಗಳ ಮೊತ್ತ 19 ಮತ್ತು 22, ಅಲ್ಲಿಗೆ 3 ಕೂಡ ಇಲ್ಲ. ಕೊನೆಯಂಕಿ 5 ಆದ್ದರಿಂದ 5 ಉಳಿಯಿತು. 17ನ್ನು ಒಂದರಲ್ಲಿ ಪರೀಕ್ಷಿಸಿದರೆ ಸಾಕು, ಇನ್ನೊಂದನ್ನೂ ಅದು ಭಾಗಿಸುತ್ತದೆ: 562105 = 5×17²×389, 563125 = 5⁴×17×53. ಉತ್ತರ 85.